‘ಕೆಟ್ಟ ಸರಕು’ ಎಂದು ಬರೆದ ದಿನ: ಮೆರಿಟ್ ಮತ್ತು ಡಿಮೆರಿಟ್ ಸರಕುಗಳ ಎರಡು ಪಾಠಗಳು

ತರಗತಿ: ಹತ್ತು. ವಿಷಯ: ಸಮಾಜ ವಿಜ್ಞಾನ, ಅರ್ಥಶಾಸ್ತ್ರ ವಿಭಾಗ. ಪಾಠಾಂಶ: ಮಾರುಕಟ್ಟೆ ವೈಫಲ್ಯ, ಮೆರಿಟ್ ಮತ್ತು ಡಿಮೆರಿಟ್ ಸರಕುಗಳು. ಅವಧಿ: 40 ನಿಮಿಷಗಳ ಎರಡು ಅವಧಿ. ಶಾಲೆ: ಮೈಸೂರು ನಗರದ ಒಂದು ಸರ್ಕಾರಿ ಪ್ರೌಢಶಾಲೆ.

ಬಿ.ಎಸ್ಸಿ. ಬಿ.ಇಡಿ. ಓದುತ್ತಿರುವ ನನಗೆ ಅರ್ಥಶಾಸ್ತ್ರದ ಪಾಠ ಹೇಗೆ ಬಂತು ಎಂದು ಓದುಗರಿಗೆ ಅನ್ನಿಸಬಹುದು. ನನ್ನ ಬೋಧನಾ ವಿಷಯ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರ. ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರು ಕೆಲವು ದಿನ ರಜೆಯಲ್ಲಿದ್ದರು. ಸಾರ್ವಜನಿಕ ಹಣಕಾಸಿನ ಘಟಕದಲ್ಲಿ ತೆರಿಗೆಯ ಬಗೆಗಳು ಮುಗಿದಿದ್ದವು. ‘ಸರ್ಕಾರ ಕೆಲವು ವಸ್ತುಗಳಿಗೆ ಹೆಚ್ಚು ತೆರಿಗೆ ಹಾಕಿ, ಇನ್ನು ಕೆಲವನ್ನು ಪುಕ್ಕಟೆ ಕೊಡುವುದೇಕೆ’ ಎಂಬುದನ್ನು ಪೂರಕ ಪಾಠವಾಗಿ ಮಾಡಿ ಎಂದು ಮಾರ್ಗದರ್ಶಕ ಶಿಕ್ಷಕರು ಹೇಳಿದರು. ಆರೋಗ್ಯ, ಪೌಷ್ಟಿಕತೆ, ತಂಬಾಕು ಎಲ್ಲವೂ ಬರುವುದರಿಂದ ಇದು ನನ್ನ ವಿಷಯಕ್ಕೆ ಹತ್ತಿರದ್ದೇ ಎಂದು ಧೈರ್ಯವಾಗಿ ಒಪ್ಪಿಕೊಂಡೆ.

ಮೊದಲ ಅವಧಿ ಕೆಟ್ಟಿತು. ಎಲ್ಲಿ ಕೆಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ತಪ್ಪು ತರಗತಿ ನಿರ್ವಹಣೆಯಲ್ಲಿ ಇರಲಿಲ್ಲ. ನಾನು ಆರಿಸಿದ ಒಂದು ಪದದಲ್ಲಿ ಇತ್ತು.

ಪಾಠಯೋಜನೆ ಬರೆಯುವಾಗ ‘ಮೆರಿಟ್ ಸರಕು’, ‘ಡಿಮೆರಿಟ್ ಸರಕು’ ಎಂಬ ಪದಗಳು ಮಕ್ಕಳಿಗೆ ಭಾರವಾಗುತ್ತವೆ ಎನ್ನಿಸಿತು. ‘ಸರಳದಿಂದ ಸಂಕೀರ್ಣಕ್ಕೆ’ ಎಂಬ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ! ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಒಳ್ಳೆಯ ಸರಕು’, ಬಲಕ್ಕೆ ‘ಕೆಟ್ಟ ಸರಕು’ ಎಂದು ಬರೆದೆ. ಮಕ್ಕಳು ಹುರುಪಿನಿಂದ ಹೇಳತೊಡಗಿದರು. ಹಾಲು, ಮೊಟ್ಟೆ, ಲಸಿಕೆ, ಶಾಲೆ, ಪುಸ್ತಕ ಎಡಕ್ಕೆ. ಹೆಂಡ, ಸಿಗರೇಟು, ಗುಟ್ಕಾ, ಬೀಡಿ ಬಲಕ್ಕೆ. ಹತ್ತೇ ನಿಮಿಷದಲ್ಲಿ ಹಲಗೆ ತುಂಬಿತು. ಪಾಠ ಗೆದ್ದಿತು ಎಂದುಕೊಂಡೆ.

ಮೂರನೆಯ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ನಮ್ಮ ತಾತ ಪಿರಿಯಾಪಟ್ಟಣದ ಹತ್ರ ಹೊಗೆಸೊಪ್ಪು ಬೆಳೀತಾರೆ. ಅದಕ್ಕೆ ಲೈಸೆನ್ಸ್ ಇದೆ. ಕೆಟ್ಟ ಸರಕಾದ್ರೆ ಸರ್ಕಾರದೋರೇ ಯಾಕೆ ಲೈಸೆನ್ಸ್ ಕೊಡ್ತಾರೆ?”

ತರಗತಿ ನಕ್ಕಿತು. “ಒಳ್ಳೆಯ ಪ್ರಶ್ನೆ, ಆಮೇಲೆ ನೋಡೋಣ ಕೂತ್ಕೋಪ್ಪಾ” ಎಂದೆ. ಪ್ರಶಿಕ್ಷಣಾರ್ಥಿಗಳು ‘ಒಳ್ಳೆಯ ಪ್ರಶ್ನೆ’ ಎಂದರೆ ಉತ್ತರ ಗೊತ್ತಿಲ್ಲ ಎಂದೇ ಅರ್ಥ. ಮಕ್ಕಳಿಗೂ ಅದು ಗೊತ್ತು. ಕೊನೆಯ ಹತ್ತು ನಿಮಿಷದಲ್ಲಿ ‘ನಿಮ್ಮ ಮನೆಗೆ ಸಂಬಂಧಿಸಿದ ಎರಡು ಒಳ್ಳೆಯ, ಎರಡು ಕೆಟ್ಟ ಸರಕುಗಳನ್ನು ಬರೆಯಿರಿ’ ಎಂಬ ಚಟುವಟಿಕೆ ಕೊಟ್ಟೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಪುಸ್ತಕ ಕೊಡಲಿಲ್ಲ. ಬರೆದಿಲ್ಲವೇನಮ್ಮ ಎಂದು ಕೇಳಿದರೆ ತಲೆ ತಗ್ಗಿಸಿದಳು. ಅವಳ ತಾಯಿ ಮನೆಯಲ್ಲಿ ಮೊರದ ಮುಂದೆ ಕೂತು ಬೀಡಿ ಕಟ್ಟಿ ಸಂಸಾರ ನಡೆಸುತ್ತಾರೆ ಎಂದು ಶಿಕ್ಷಕರ ಕೊಠಡಿಯಲ್ಲಿ ತಿಳಿಯಿತು. ‘ಬೀಡಿ’ ಎಂಬುದು ಅಷ್ಟು ಹೊತ್ತೂ ನನ್ನ ಕೈಬರಹದಲ್ಲೇ ಹಲಗೆಯ ಬಲಭಾಗದಲ್ಲಿತ್ತು.

ಆ ಸಂಜೆ ಪುಸ್ತಕ ತೆರೆದು ಕೂತಾಗ ತಿಳಿದದ್ದು ಇಷ್ಟು: ನಾನು ಸರಳಗೊಳಿಸಿರಲಿಲ್ಲ, ಪರಿಕಲ್ಪನೆಯನ್ನೇ ಬದಲಾಯಿಸಿದ್ದೆ. ಅರ್ಥಶಾಸ್ತ್ರದಲ್ಲಿ ಈ ವಿಚಾರವನ್ನು ಮೊದಲು ಮಂಡಿಸಿದವರು ರಿಚರ್ಡ್ ಮಸ್‌ಗ್ರೇವ್. 1950ರ ದಶಕದ ಅವರ ಬರಹಗಳಲ್ಲಿ ಮತ್ತು 1959ರಲ್ಲಿ ಬಂದ ಸಾರ್ವಜನಿಕ ಹಣಕಾಸಿನ ಗ್ರಂಥದಲ್ಲಿ ‘ಮೆರಿಟ್ ಅಗತ್ಯ’ ಎಂಬ ಮಾತು ಬರುತ್ತದೆ. ಅಲ್ಲಿನ ಪ್ರಶ್ನೆ ವಸ್ತು ಒಳ್ಳೆಯದೋ ಕೆಟ್ಟದೋ ಎಂಬುದಲ್ಲ. ಜನರನ್ನು ಅವರ ಪಾಡಿಗೆ ಬಿಟ್ಟರೆ, ಕೈಯಲ್ಲಿರುವ ದುಡ್ಡು, ಗೊತ್ತಿರುವ ಮಾಹಿತಿಯ ಮೇಲೆ ಎಷ್ಟು ಕೊಳ್ಳುತ್ತಾರೆ? ಪೂರ್ತಿ ಲೆಕ್ಕ ಹಾಕಿದ್ದರೆ ಎಷ್ಟು ಕೊಳ್ಳುತ್ತಿದ್ದರು? ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ಅದು ಮೆರಿಟ್ ಸರಕು, ಹೆಚ್ಚಿದ್ದರೆ ಡಿಮೆರಿಟ್ ಸರಕು. ಮಾರುಕಟ್ಟೆ ಇಲ್ಲಿ ವಿಫಲವಾಗುತ್ತದೆ ಎಂದರೆ ಅಂಗಡಿ ಮುಚ್ಚಿಹೋಗುತ್ತದೆ ಎಂದಲ್ಲ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಕೊಂಡ ಪ್ರಮಾಣ ಮಾತ್ರ ಸರಿಯಿರುವುದಿಲ್ಲ. ‘ಒಳ್ಳೆಯದು–ಕೆಟ್ಟದ್ದು’ ಎಂದ ಕೂಡಲೇ ಈ ಪ್ರಮಾಣದ ಮಾತು ಹೋಗಿ ನಡತೆಯ ಮಾತು ಬರುತ್ತದೆ. ಸರಕಿನ ಮೇಲಿನ ತೀರ್ಪು ಅದನ್ನು ಮುಟ್ಟಿದವರೆಲ್ಲರ ಮೇಲೂ ಬೀಳುತ್ತದೆ.

ಎರಡನೆಯ ಅವಧಿಗೆ ಪದಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡೆ. ಕಪ್ಪುಹಲಗೆಯ ಎರಡು ಅಂಕಣಗಳಿಗೆ ಬೇರೆ ತಲೆಬರಹ ಕೊಟ್ಟೆ: ‘ಕೊಳ್ಳುವಾಗ ಲೆಕ್ಕಕ್ಕೆ ಬಂದದ್ದು’, ‘ಲೆಕ್ಕಕ್ಕೆ ಬಾರದೆ ಉಳಿದದ್ದು’. ಯಾವ ಸರಕನ್ನು ತೆಗೆದುಕೊಂಡರೂ ಈ ಎರಡು ಅಂಕಣ ತುಂಬಬೇಕು.

ಹಾಲಿನಿಂದ ಶುರುಮಾಡಿದೆ. ಶಾಲೆಯಲ್ಲೇ ದಿನವೂ ಕುಡಿಯುವ ಹಾಲಿಗಿಂತ ಹತ್ತಿರದ ಪೂರ್ವಜ್ಞಾನ ಬೇಕಿಲ್ಲ. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಯಿತು. ಮಗುವಿಗೆ 150 ಮಿ.ಲೀ. ಹಾಲು, ಪುಡಿಯಿಂದ ಕಾಯಿಸಿದ್ದು. ಮೊದಲು ವಾರಕ್ಕೆ ಮೂರು ದಿನವಿದ್ದುದು ಆಮೇಲೆ ಐದು ದಿನವಾಯಿತು. ಈಚೆಗೆ ಕೆಲವು ದಿನ ರಾಗಿ ಮಾಲ್ಟ್ ಬೆರೆಯುತ್ತದೆ. “ಹಾಲಿನ ಬದಲು ಅದರ ದುಡ್ಡನ್ನೇ ನಿಮ್ಮ ಕೈಗೆ ಕೊಟ್ಟರೆ ಎಷ್ಟು ಜನ ಹಾಲು ಕೊಂಡು ಕುಡಿಯುತ್ತೀರಿ?” ಎಂದು ಕೇಳಿದೆ. ಐದಾರು ಕೈ ಮೇಲೆದ್ದವು. ಉಳಿದವರು ಗೋಬಿ, ಚಿಪ್ಸು, ಮೊಬೈಲ್ ರೀಚಾರ್ಜು ಎಂದರು. ಪುಡಿ ಹಾಲಿನ ವಾಸನೆಯ ಬಗ್ಗೆ ಒಂದು ಸಣ್ಣ ಚರ್ಚಾಕೂಟವೇ ನಡೆಯಿತು. ಎಡ ಅಂಕಣದಲ್ಲಿ ‘ಬೆಲೆ, ರುಚಿ, ವಾಸನೆ’ ಎಂದು ಬರೆದೆವು. ಬಲ ಅಂಕಣದಲ್ಲಿ ಪ್ರೋಟೀನು, ಮೂಳೆಗೆ ಬೇಕಾದ ಕ್ಯಾಲ್ಸಿಯಂ, ತಿಂಡಿ ತಿನ್ನದೆ ಬಂದ ದಿನ ಹೊಟ್ಟೆಗೆ ಆಧಾರ. ಮೂಳೆ ಗಟ್ಟಿಯಾಗುವುದು ಇಂದಿನ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿಗೆ ಕಡಿಮೆ ಬಳಕೆ ಏಕಾಗುತ್ತದೆ ಎಂಬುದು ಮಕ್ಕಳ ಬಾಯಲ್ಲೇ ಬಂತು.

ಆಗ ಒಬ್ಬಳು ಹೇಳಿದ ಮಾತು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. “ದುಡ್ಡು ಅಮ್ಮನ ಕೈಗೆ ಕೊಟ್ರೆ ಅಮ್ಮ ಅಕ್ಕಿ ತರ್ತಾರೆ ಮಿಸ್, ಹಾಲಲ್ಲ. ಅಮ್ಮಂಗೆ ಹಾಲು ಒಳ್ಳೇದು ಅಂತ ಗೊತ್ತು.” ‘ತಿಳುವಳಿಕೆಯ ಕೊರತೆಯಿಂದ ಪೋಷಕರು ಹಾಲು ಕೊಡಿಸುವುದಿಲ್ಲ’ ಎಂದು ನಾನು ವಿವರಣೆಯ ಹಂತಕ್ಕೆ ಬರೆದಿಟ್ಟುಕೊಂಡಿದ್ದ ವಾಕ್ಯವನ್ನು ಅಲ್ಲೇ ಬಿಟ್ಟೆ. ಮೆರಿಟ್ ಸರಕು ಕಡಿಮೆ ಬಳಕೆಯಾಗಲು ಅಜ್ಞಾನ ಒಂದೇ ಕಾರಣವಲ್ಲ. ಕೈಯಲ್ಲಿ ದುಡ್ಡಿಲ್ಲದಿರುವುದು ಒಂದು ಕಾರಣ. ಲಾಭ ದೂರದಲ್ಲಿದ್ದು ಖರ್ಚು ಇವತ್ತೇ ಇರುವುದು ಇನ್ನೊಂದು. ಕೊಳ್ಳುವವರು ಒಬ್ಬರು, ಬೆಳೆಯಬೇಕಾದ ದೇಹ ಇನ್ನೊಬ್ಬರದು ಎಂಬುದು ಮತ್ತೊಂದು. ನಮ್ಮ ಪಾಠಯೋಜನೆಗಳಲ್ಲಿ ಬಡವರ ‘ಅಜ್ಞಾನ’ ಎಷ್ಟು ಸಲೀಸಾಗಿ ಬಂದು ಕೂರುತ್ತದೆ ಎಂಬುದನ್ನು ಬೋಧಕರು ಒಮ್ಮೆ ತಿರುವಿ ನೋಡಬೇಕು.

ಹಾಲಿನ ಕತೆಗೆ ಇನ್ನೊಂದು ಮುಖವಿದೆ, ಅದನ್ನೂ ತರಗತಿಯಲ್ಲಿ ಹೇಳಿದೆ. ಯೋಜನೆ ಶುರುವಾದ ಹೊತ್ತಿನಲ್ಲಿ ಕರ್ನಾಟಕ ಹಾಲು ಮಹಾಮಂಡಳಕ್ಕೆ ಮಾರಾಟಕ್ಕಿಂತ ಹೆಚ್ಚು ಹಾಲು ಬಂದು ಬೀಳುತ್ತಿತ್ತು. ಶಾಲೆಗಳು ಆ ಹಾಲಿಗೆ ಒಂದು ದಾರಿಯೂ ಆದವು. ಹಾಗೆಂದು ಮಗುವಿನ ಲೋಟದಲ್ಲಿರುವ ಕ್ಯಾಲ್ಸಿಯಂ ಕಡಿಮೆಯಾಗುವುದಿಲ್ಲ. ಸರ್ಕಾರ ಒಂದು ವಸ್ತುವನ್ನು ಮೆರಿಟ್ ಸರಕೆಂದು ಆರಿಸುವಾಗ ಬೆಳೆಯುವವರ, ಮಾರುವವರ ಹಿತವೂ ಆ ಆಯ್ಕೆಯಲ್ಲಿ ಇರಬಹುದು ಎಂದು ಹತ್ತನೇ ತರಗತಿಯ ಮಕ್ಕಳಿಗೆ ತಿಳಿಸುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಮುಂದೆ ಬರಲಿದ್ದ ತಾತನ ಪ್ರಶ್ನೆಗೂ ಅದು ಮೆಟ್ಟಿಲಾಯಿತು.

ನಂತರ ತಂಬಾಕು. ಎಡ ಅಂಕಣಕ್ಕೆ ಮಕ್ಕಳು ಹೇಳಿದ್ದು: ಕಟ್ಟಿನ ಬೆಲೆ, ಆಯಾಸ ಹೋಗುತ್ತದೆ ಎಂಬ ನಂಬಿಕೆ, ಜೊತೆಗಾರರು. ಬಲ ಅಂಕಣಕ್ಕೆ: ಬಾಯಿ ಕ್ಯಾನ್ಸರ್, ಕೆಮ್ಮು, ಆಸ್ಪತ್ರೆ ಖರ್ಚು, ಕೆಲಸ ತಪ್ಪಿದ ದಿನಗಳ ಕೂಲಿ, ಪಕ್ಕದಲ್ಲಿ ಕೂತ ಮಗು ಹೊಗೆ ಕುಡಿಯುವುದು. ಇಲ್ಲಿ ಬಣ್ಣದ ಸೀಮೆಸುಣ್ಣ ತೆಗೆದುಕೊಂಡೆ. ಸೇದುವವನಿಗೇ ತಟ್ಟುವುದರ ಕೆಳಗೆ ಹಳದಿ ಗೆರೆ, ಬೇರೆಯವರಿಗೆ ತಟ್ಟುವುದರ ಕೆಳಗೆ ಕೆಂಪು ಗೆರೆ ಎಳೆಯಲು ಇಬ್ಬರನ್ನು ಕರೆದೆ. ಈ ಒಂದು ಚಟುವಟಿಕೆಗೆ ನಾಲ್ಕೇ ನಿಮಿಷ ಹಿಡಿಯಿತು. ಬಾಹ್ಯ ಪರಿಣಾಮಕ್ಕೂ ಡಿಮೆರಿಟ್ ಸರಕಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾರ್ಗ ನನಗೆ ಕಾಣದು. ಕೆಂಪು ಗೆರೆ ಬಾಹ್ಯ ಪರಿಣಾಮ: ವ್ಯವಹಾರದಲ್ಲಿ ಇಲ್ಲದವರ ತಲೆಯ ಮೇಲೆ ಬೀಳುವ ಹೊರೆ. ಹಳದಿ ಗೆರೆ ಕೊಳ್ಳುವವನೇ ತನ್ನ ವಿಷಯದಲ್ಲಿ ತಪ್ಪಿದ ಲೆಕ್ಕ. ಡಿಮೆರಿಟ್ ಸರಕು ಎಂಬ ಮಾತಿನ ತಿರುಳು ಹಳದಿಯಲ್ಲಿದೆ. ಹೆಚ್ಚಿನ ಸರಕುಗಳಲ್ಲಿ ಎರಡೂ ಬಣ್ಣ ಸಿಗುವುದರಿಂದ ಪುಸ್ತಕಗಳು ಇವನ್ನು ಕಲಸಿಬಿಡುತ್ತವೆ.

ಲಸಿಕೆಗೂ ಇದೇ ಬಣ್ಣಗಳನ್ನು ಹಚ್ಚಿಸಿದೆ. ಸಿಡುಬಿನ ಲಸಿಕೆ ಹಾಕಿಸಿಕೊಂಡವರಿಂದ ಪಕ್ಕದ ಮನೆಗೂ ರಕ್ಷಣೆ. ಮೈಸೂರಿನ ಮಕ್ಕಳಿಗೆ ಹೇಳಲೇಬೇಕಾದ ಒಂದು ಸಂಗತಿ ಇಲ್ಲಿದೆ: 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬಿಡಿಸಿದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವನ್ನು, ಹೊಸ ಲಸಿಕೆಯ ಬಗ್ಗೆ ಜನರ ಅಂಜಿಕೆ ಬಿಡಿಸಲು ಮಾಡಿದ ಪ್ರಚಾರಚಿತ್ರ ಎಂದು ಕೆಲವು ಇತಿಹಾಸಕಾರರು ವ್ಯಾಖ್ಯಾನಿಸಿದ್ದಾರೆ. ‘ಅವಾಗಲೇ ಜಾಹೀರಾತಾ!’ ಎಂದು ಹಿಂದಿನ ಬೆಂಚಿನಿಂದ ಧ್ವನಿ ಬಂತು. ಸಾರ್ವಜನಿಕ ಸರಕಿನ ಜೊತೆ ಗೊಂದಲವಾಗದಂತೆ ಬೀದಿದೀಪದ ಉದಾಹರಣೆ ಕೊಟ್ಟೆ. ಬೀದಿದೀಪದ ಬೆಳಕನ್ನು ನೀನು ಬಳಸಿದರೆ ನನಗೆ ಕಡಿಮೆಯಾಗುವುದಿಲ್ಲ. ನೀನು ಕುಡಿದ ಲೋಟದ ಹಾಲು ನನಗಿಲ್ಲ. ಇದನ್ನು ಮಕ್ಕಳು ಬೇಗ ಹಿಡಿದರು.

ನನ್ನ ವಿಜ್ಞಾನ ಇಲ್ಲಿ ಕೈಹಿಡಿಯಿತು. ಕೊಳ್ಳುವವನ ಲೆಕ್ಕ ಏಕೆ ತಪ್ಪುತ್ತದೆ? ಒಳಗೆಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಸೇರಿ ಡೋಪಮೈನ್ ಬಿಡುಗಡೆಗೆ ಕಾರಣವಾಗುತ್ತದೆ. ಹಿತ ಆ ಕ್ಷಣದ್ದು, ಹಾನಿ ಇಪ್ಪತ್ತು ಮೂವತ್ತು ವರ್ಷದ ನಂತರದ್ದು. ಹದಿನಾರರಲ್ಲಿ ಶುರುಮಾಡುವ ಹುಡುಗ ತನ್ನ ನಲವತ್ತನೆಯ ವಯಸ್ಸಿನವನ ಪರವಾಗಿ ಸಹಿ ಹಾಕುತ್ತಿದ್ದಾನೆ, ಆ ನಲವತ್ತರವನನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ 20 ರೂಪಾಯಿ ಎಂದು ಹಿಡಿದು ಲೆಕ್ಕ ಮಾಡಿ ಎಂದೆ. ವರ್ಷಕ್ಕೆ 7,300, ಹತ್ತು ವರ್ಷಕ್ಕೆ 73,000. “ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತೆ ಮಿಸ್” ಎಂದರು. ಇದು ದೂರದ ಲೆಕ್ಕವಲ್ಲ: 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಚಟವಾದ ವಸ್ತುವಿನ ಬೆಲೆ ಏರಿದರೂ ಬೇಡಿಕೆ ಅಷ್ಟಾಗಿ ಇಳಿಯುವುದಿಲ್ಲ. ಅಂದರೆ ತೆರಿಗೆ ಹಾಕಿದರೆ ಬಳಕೆ ಸ್ವಲ್ಪ ತಗ್ಗುತ್ತದೆ, ಬೊಕ್ಕಸ ಚೆನ್ನಾಗಿ ತುಂಬುತ್ತದೆ. ಕೈಯಲ್ಲಿ ಕಡಿಮೆ ದುಡ್ಡಿರುವ ಎಳೆಯರ ಮೇಲೆ ಮಾತ್ರ ಬೆಲೆಯ ಪರಿಣಾಮ ಹೆಚ್ಚು. ಉಳಿದ ಕ್ರಮಗಳನ್ನು ವೇಗವಾಗಿ ಮುಗಿಸಿದೆ: 2003ರ ಕಾಯ್ದೆಯಲ್ಲಿ 18ರ ವಯೋಮಿತಿ, ಶಾಲೆಯಿಂದ 100 ಗಜದೊಳಗೆ ಮಾರಾಟ ನಿಷೇಧ, ಕರ್ನಾಟಕದ ತಿದ್ದುಪಡಿಯಲ್ಲಿ ವಯೋಮಿತಿ 21ಕ್ಕೆ ಏರಿಕೆ, 2016ರಿಂದ ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ. ನಿಷೇಧದ ಮಾತು ಬಂದಾಗ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತದ್ದನ್ನು ಹೇಳಿದೆ. “ಈಗಲೂ ಕುಡೀತಾರಲ್ಲ ಮಿಸ್” ಎಂದರು. ಹೌದು. ಸಾರಾಯಿ ನಿಂತರೂ ಬೇರೆ ಮದ್ಯದ ಸಗಟು ಮಾರಾಟ ಸರ್ಕಾರದ್ದೇ ನಿಗಮದ ಮೂಲಕ ನಡೆಯುತ್ತದೆ, ಅಬಕಾರಿ ಆದಾಯವೂ ಬರುತ್ತದೆ.

ಈಗ ತಾತನ ಪ್ರಶ್ನೆ. ಮೂರನೆಯ ಬೆಂಚಿನ ಹುಡುಗನನ್ನು ಮುಂದೆ ಕರೆದು, ಹೊಗೆಸೊಪ್ಪು ಹೇಗೆ ಬೆಳೆಯುತ್ತಾರೆ ನೀನೇ ಹೇಳಪ್ಪಾ ಎಂದೆ. ಸೊಪ್ಪು ಕಿತ್ತು ಕಡ್ಡಿಗೆ ಪೋಣಿಸುವುದು, ಬ್ಯಾರನ್‌ನಲ್ಲಿ ನೇತುಹಾಕಿ ಸೌದೆ ಉರಿಯಲ್ಲಿ ಬೇಯಿಸುವುದು, ರಾತ್ರಿಯೆಲ್ಲ ಉರಿ ಕಾಯುವುದು, ಆಮೇಲೆ ಹರಾಜು ಮಾರುಕಟ್ಟೆಗೆ ಬೇಲು ಸಾಗಿಸುವುದು ಎಲ್ಲವನ್ನೂ ಹೇಳಿದ. “ಬೆಳಗ್ಗೆ ಸೊಪ್ಪು ಒದ್ದೆ ಇದ್ರೆ ತಾತ ನಮ್ಮನ್ನ ಕೀಳೋಕೆ ಬಿಡಲ್ಲ, ತಲೆ ಸುತ್ತುತ್ತೆ, ವಾಂತಿ ಬರುತ್ತೆ ಅಂತಾರೆ” ಎಂದೂ ಸೇರಿಸಿದ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವನು ಹೊಲದಿಂದ ತಂದಿದ್ದ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಒದ್ದೆ ಎಲೆಯಿಂದ ಚರ್ಮದ ಮೂಲಕ ಮೈಗೆ ಸೇರುತ್ತದೆ. ತಂಬಾಕು ಕೀಳುವವರಲ್ಲಿ ಕಾಣುವ ಈ ಕಾಯಿಲೆಯನ್ನು ಹಸಿರು ತಂಬಾಕು ಕಾಯಿಲೆ ಎನ್ನುತ್ತಾರೆ. ಅದನ್ನು ವಿವರಿಸಿದಾಗ ತರಗತಿ ಅವನನ್ನು ನೋಡಿ ನಗಲಿಲ್ಲ.

ಲೈಸೆನ್ಸಿನ ಉತ್ತರ ಹೀಗೆ ಕೊಟ್ಟೆ. ಕರ್ನಾಟಕದ ವರ್ಜೀನಿಯಾ ತಂಬಾಕಿನ ದೊಡ್ಡ ಪಾಲು ನಮ್ಮ ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯದು. 1975ರ ಕಾಯ್ದೆಯಂತೆ ರಚನೆಯಾದ, ಗುಂಟೂರಿನಲ್ಲಿ ಕೇಂದ್ರ ಕಚೇರಿಯಿರುವ ತಂಬಾಕು ಮಂಡಳಿ ಬೆಳೆಗಾರರನ್ನು ನೋಂದಾಯಿಸಿ, ಬ್ಯಾರನ್‌ಗೆ ಪರವಾನಗಿ ಕೊಟ್ಟು, ವರ್ಷಕ್ಕೆ ಎಷ್ಟು ಬೆಳೆಯಬೇಕೆಂದು ನಿಗದಿ ಮಾಡಿ, ಹರಾಜು ನಡೆಸುತ್ತದೆ. ಲೈಸೆನ್ಸ್ ಎಂದರೆ ‘ಇದು ಒಳ್ಳೆಯ ವಸ್ತು’ ಎಂಬ ಪ್ರಮಾಣಪತ್ರವಲ್ಲ, ‘ಇಷ್ಟೇ ಬೆಳೆಯಬೇಕು’ ಎಂಬ ಮಿತಿಯೂ ಹೌದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ. ಅದೇ ಮಂಡಳಿ ರಫ್ತು ಬೆಳೆಸುವ ಕೆಲಸವನ್ನೂ ಮಾಡುತ್ತದೆ. ಅದು ವಾಣಿಜ್ಯ ಸಚಿವಾಲಯದ ಕೆಳಗಿದೆ. ಎಚ್ಚರಿಕೆಯ ಚಿತ್ರ ಹಾಕಿಸುವುದು ಆರೋಗ್ಯ ಸಚಿವಾಲಯ. ಒಂದೇ ಸರ್ಕಾರದ ಎರಡು ಕೈಗಳು ಎರಡು ಕಡೆ ಎಳೆಯುತ್ತಿವೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಅದರ 17ನೆಯ ವಿಧಿ ಬೆಳೆಗಾರರಿಗೆ, ಕಾರ್ಮಿಕರಿಗೆ ಬದಲಿ ಜೀವನೋಪಾಯ ಒದಗಿಸುವ ಬಗ್ಗೆ ಹೇಳುತ್ತದೆ. ಡಿಮೆರಿಟ್ ಎಂಬುದು ಬಳಕೆಯ ಬಗ್ಗೆ ಹೇಳುವ ಮಾತು, ಬೆಳೆಯುವವರ ಬಗ್ಗೆ ಅಲ್ಲ ಎಂದೆ. “ಹಂಗಾದ್ರೆ ತಾತ ಏನು ಬೆಳೀಬೇಕು?” ಎಂದ. ಮುಸುಕಿನ ಜೋಳ, ಶುಂಠಿ ಎಂದು ಮಕ್ಕಳೇ ಹೇಳಿದರು. ಹರಾಜಿನಲ್ಲಿ ಕೊಳ್ಳುವವರು ಮೊದಲೇ ಕಾದಿರುವ ಹಾಗೆ ಶುಂಠಿಗೆ ಯಾರು ಕಾದಿರುತ್ತಾರೆ ಎಂದು ಅವನು ಕೇಳಿದ. ಈ ಬಾರಿ ‘ಒಳ್ಳೆಯ ಪ್ರಶ್ನೆ’ ಎನ್ನದೆ, ನನಗೆ ಗೊತ್ತಿಲ್ಲ ಎಂದೇ ಹೇಳಿದೆ.

ಪಾಠ ವೀಕ್ಷಿಸಿದ ನಮ್ಮ ಬೋಧಕರು ಒಂದು ಕೊರತೆ ತೋರಿಸಿದರು, ಅದು ನಿಜ. ಯಾವುದು ಮೆರಿಟ್, ಯಾವುದು ಡಿಮೆರಿಟ್ ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ನಾನು ತರಗತಿಯ ಮುಂದೆ ನೇರವಾಗಿ ಇಡಲೇ ಇಲ್ಲ. ಮಸ್‌ಗ್ರೇವ್ ಅವರ ಪರಿಕಲ್ಪನೆಗೆ ಮೊದಲಿನಿಂದಲೂ ಎದುರಾದ ಆಕ್ಷೇಪ ಅದೇ: ನನ್ನ ಹಿತ ನನಗಿಂತ ಸರ್ಕಾರಕ್ಕೆ ಹೆಚ್ಚು ಗೊತ್ತೇ? ಶಾಲೆಯಲ್ಲಿ ಮೊಟ್ಟೆ ಕೊಡುವ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆದ ವಾದವಿವಾದವನ್ನು ಇದಕ್ಕೆ ಬಳಸಬಹುದಿತ್ತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡುವ ಏರ್ಪಾಡು ಆ ವಾದದಿಂದ ಬಂದದ್ದು ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತಿತ್ತು. ಇದಕ್ಕೆ ಮೂರನೆಯ ಅವಧಿಯೇ ಬೇಕು.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ‘ಹೆಲ್ಮೆಟ್ ಮೆರಿಟ್ ಸರಕೇ? ಎರಡು ಅಂಕಣ ತುಂಬಿ’ ಎಂಬುದು ಒಂದು ಪ್ರಶ್ನೆ. ‘2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟು, ಬೀಡಿ ಎರಡನ್ನೂ ಶೇ 28ರ ಹಂತಕ್ಕೆ ಸೇರಿಸಿದರು. ಸಿಗರೇಟಿನ ಮೇಲೆ ಹಾಕಿದ ಹೆಚ್ಚುವರಿ ಸೆಸ್ಸನ್ನು ಬೀಡಿಗೆ ಹಾಕಲಿಲ್ಲ. ಬೀಡಿಗೂ ಹಾಕಿದ್ದರೆ ಏನಾಗುತ್ತಿತ್ತು?’ ಎಂಬುದು ಇನ್ನೊಂದು. ಅದಕ್ಕೆ ನಾನು ಸಿದ್ಧಪಡಿಸಿದ ಮಾದರಿ ಉತ್ತರ: ‘ಬೆಲೆ ಏರಿ, ಬಳಕೆ ತಗ್ಗಿ, ಆರೋಗ್ಯದ ವೆಚ್ಚ ಇಳಿಯುತ್ತಿತ್ತು.’ ಎರಡು ಅಂಕ.

ಕಿಟಕಿಯ ಪಕ್ಕದ ಹುಡುಗಿ ಈ ಸಲ ಪುಸ್ತಕ ಕೊಟ್ಟಳು. ನನ್ನ ಮಾದರಿ ಉತ್ತರವನ್ನು ಹೆಚ್ಚುಕಡಿಮೆ ಹಾಗೇ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ‘ಆಗ ಸಾವಿರ ಬೀಡಿ ಕಟ್ಟುವ ಕಡೆ ಐನೂರಕ್ಕೇ ಎಲೆ ಕೊಡುತ್ತಾರೆ, ಅಮ್ಮನ ಕೂಲಿ ಅರ್ಧ ಆಗುತ್ತದೆ. ಇದನ್ನು ಯಾವ ಅಂಕಣದಲ್ಲಿ ಬರೆಯಬೇಕು ಮಿಸ್?’

ನನ್ನ ಹಲಗೆಯಲ್ಲಿ ಅದಕ್ಕೆ ಅಂಕಣ ಇರಲಿಲ್ಲ. ಎರಡು ಅಂಕದ ಪ್ರಶ್ನೆಯನ್ನು ಮೂರು ಅಂಕಕ್ಕೆ ತಿದ್ದಿ, ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಇಡೀ ತರಗತಿಯ ಪುಸ್ತಕಗಳನ್ನು ಮತ್ತೆ ಹಿಂದಿರುಗಿಸಿ ಆ ಪ್ರಶ್ನೆಯೊಂದನ್ನು ಇನ್ನೊಮ್ಮೆ ಬರೆಯಲು ಹೇಳಿದೆ.